ರಸಮೇವಿನ ಪೆಂಡಿಗೆ ಹೊದಿಕೆ: ಟ್ರ್ಯಾಕ್ಟರಿಗೆ ಜೋಡಿಸುವ ಸುತ್ತುಯಂತ್ರದ ವಿಚಾರ

ಧಾನ್ಯವನ್ನು ನೆಲದಡಿಯ ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲನ್ನು ಮುಚ್ಚಿ, ಮೇಲೆ ಮಣ್ಣನ್ನು ಮೆತ್ತಿ, ಬಹುಕಾಲ ಕೆಡದಂತೆ ಕಾಪಿಡುವ ಪದ್ಧತಿ ಕನ್ನಡನಾಡಿನ ಬಯಲುಸೀಮೆಯಲ್ಲಿ ಹಿಂದೆ ರೂಢಿಯಲ್ಲಿದ್ದಿತು. ಹಗೇವನ್ನು ತೆರೆದೊಡನೆ ಒಳಕ್ಕಿಳಿಯುವುದು ಪ್ರಾಣಾಪಾಯವೆಂದು ಅನುಭವಸ್ಥರು ಅರಿತಿದ್ದರು. ಮೊದಲು ದೀಪವೊಂದನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯನು ಇಳಿಯುತ್ತಿದ್ದನು. ದೀಪವನ್ನು ಆರಿಸುತ್ತಿದ್ದುದು ಯಾವ ಭೂತವೂ ಅಲ್ಲ. ಮುಚ್ಚಿದ ಗುಂಡಿಯೊಳಗೆ ಧಾನ್ಯವೂ ಅದರಲ್ಲಿದ್ದ ಹುಳುಗಳೂ ಉಸಿರಾಡಿ ಆಮ್ಲಜನಕವನ್ನು ಮುಗಿಸಿ, ಇಂಗಾಲದ ಡೈಆಕ್ಸೈಡನ್ನು ತುಂಬಿರುತ್ತಿದ್ದುವು. ದೀಪವನ್ನು ಆರಿಸಿದ ಆ ಗಾಳಿಯೇ ಹುಳುಗಳನ್ನೂ ಕೊಂದು ಕಾಳನ್ನು ಉಳಿಸುತ್ತಿದ್ದಿತು.

ಈ ಸಂಗತಿಯನ್ನು ಮೊದಲಿಗೇ ಹೇಳಲು ಕಾರಣವುಂಟು. ಐರೋಪ್ಯ ಭಾಷೆಗಳಲ್ಲಿ ‘ಸೈಲೋ’ ಎಂಬ ಮಾತು ಸ್ಪ್ಯಾನಿಷ್ ಮೂಲಕ ಬಂದದ್ದು. ಅದರ ಹಳೆಯ ಅರ್ಥವೂ ಧಾನ್ಯವಿಡುವ ನೆಲದ ಗುಂಡಿ, ಎಂದರೆ ನಮ್ಮ ಹಗೇವು. ಅದರಿಂದ ಹುಟ್ಟಿದ ‘ಸೈಲೇಜ್’ ಎಂಬ ಮಾತಿಗೆ ನಮ್ಮಲ್ಲಿ ‘ರಸಮೇವು’ ಎಂಬ ಅಂದವಾದ ಹೆಸರು ಬಳಕೆಗೆ ಬಂದಿದೆ. ಹಸುರು ಮೇವನ್ನು ಒಣಗಿಸದೆ, ರಸವಿರುವಾಗಲೇ ಗಾಳಿ ತಾಗದಂತೆ ಮುಚ್ಚಿ ಹುದುಗಿಸಿದರೆ ದೊರೆಯುವುದೇ ರಸಮೇವು. ಈ ಹಗೇವು ನೆಲದಿಂದ ಮೇಲೆದ್ದು, ಕಲ್ಲು ಮಣ್ಣುಗಳನ್ನು ತೊರೆದು, ಒಂದು ಮಿಲಿಮೀಟರಿನ ನಾಲ್ವತ್ತನೆಯ ಒಂದು ಪಾಲಿನಷ್ಟು ತೆಳುವಾದ ಪಾಲಿಥೀನ್ ಹಾಳೆಯಾಗಿ ಮಾರ್ಪಟ್ಟ ಬಗೆಯನ್ನೂ, ಆ ಹಾಳೆಯನ್ನು ಹೊಲದಲ್ಲಿಯೇ ಮೇವಿನ ಪೆಂಡಿಗೆ ಸುತ್ತುವ ಯಂತ್ರದ ಕಾರ್ಯಕ್ರಮವನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಯಂತ್ರವು ಹೆಚ್ಚಾಗಿ ಬಳಕೆಯಲ್ಲಿರುವುದು ಮಳೆ ಬಿಡದ ಉತ್ತರ ಯೂರೋಪಿನಲ್ಲಿ. ಆದಕಾರಣ ಐರ್ಲೆಂಡ್ ದೇಶವನ್ನೇ ಮುಖ್ಯ ನಿದರ್ಶನವಾಗಿ ತೆಗೆದುಕೊಂಡಿದೆ.

ಮೊದಲು ಹುದುಗುವಿಕೆಯ ಮಾತು. ಹುಲ್ಲು ಕೊಯ್ದ ಕ್ಷಣದಲ್ಲಿಯೇ ಸಾಯುವುದಿಲ್ಲ. ಅದರ ಜೀವಕೋಶಗಳು ಇನ್ನೂ ಉಸಿರಾಡುತ್ತ ತಮ್ಮಲ್ಲಿನ ಸಕ್ಕರೆಯನ್ನು ಸುಡುತ್ತಿರುತ್ತವೆ. ಗಾಳಿಯ ದಾರಿ ಮುಚ್ಚಿತೆಂದರೆ ಒಳಗೆ ಸಿಕ್ಕಿಕೊಂಡ ಆಮ್ಲಜನಕವು ಬೇಗನೆ ಮುಗಿದುಹೋಗುತ್ತದೆ. ಆಗ, ಹುಲ್ಲಿನ ಮೇಲೆಯೇ ಇದ್ದ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳಿಗೆ ಸುಗ್ಗಿ. ಅವು ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಹಾಲನ್ನು ಮೊಸರಾಗಿಸುವ ಕ್ರಿಯೆಯೂ ಇದೇ ಜಾತಿಯದು. ಒದ್ದೆಯಾದ ಹುಲ್ಲನ್ನು ಗುಂಡಿಯಲ್ಲಿ ತುಂಬಿದಾಗ ಹುಳಿ ಏರಿ ಪಿ.ಎಚ್. ಅಂಕ ೪ರ ಆಸುಪಾಸಿಗೆ ಇಳಿಯುತ್ತದೆ. ಆ ಹುಳಿಯಲ್ಲಿ ಕೊಳೆಸುವ ಜೀವಿಗಳು ಬೆಳೆಯಲಾರವು. ಹುಳಿ ಸಾಲದೆ ಹೋದರೆ ಕ್ಲಾಸ್ಟ್ರಿಡಿಯಂ ಗುಂಪಿನ ಬ್ಯಾಕ್ಟೀರಿಯಗಳು ಮೇಲುಗೈ ಪಡೆದು, ಲ್ಯಾಕ್ಟಿಕ್ ಆಮ್ಲವನ್ನೇ ತಿಂದು ಬ್ಯುಟಿರಿಕ್ ಆಮ್ಲವನ್ನು ಮಾಡುತ್ತವೆ. ಆ ದುರ್ನಾತವನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ದನವೂ ಅಂತಹ ಮೇವನ್ನು ಮನಸ್ಸಿಟ್ಟು ತಿನ್ನುವುದಿಲ್ಲ.

ಫ್ರಾನ್ಸಿನ ಸೊಲೋಞ್ ಪ್ರದೇಶದ ಬ್ಯುರ್ತ್ಯಾನ್ ಎಂಬಲ್ಲಿ ಒಗ್ಯುಸ್ತ್ ಗೊಫಾರ್ ಎಂಬ ಜಮೀನುದಾರನು ಮುಸುಕಿನ ಜೋಳದ ಹಸುರು ದಂಟನ್ನು ಕತ್ತರಿಸಿ ಗುಂಡಿಯಲ್ಲಿ ಕಾಪಿಡುವ ಕ್ರಮವನ್ನು ಪ್ರಯೋಗಗಳಿಂದ ನೆಲೆಗೊಳಿಸಿ ೧೮೭೭ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಫಿನ್ಲೆಂಡಿನ ರಸಾಯನಶಾಸ್ತ್ರಜ್ಞ ಆರ್ತುರಿ ಇಲ್ಮರಿ ವಿರ್ತನೆನ್ ಅವರು ಬ್ಯಾಕ್ಟೀರಿಯಗಳು ಹುಳಿ ಮಾಡುವವರೆಗೆ ಕಾಯದೆ ಮೇವಿಗೆ ಖನಿಜಾಮ್ಲವನ್ನೇ ಚಿಮುಕಿಸುವ ವಿಧಾನವನ್ನು ರೂಪಿಸಿದರು. ಅವರ ಹೆಸರಿನ ಮೊದಲಕ್ಷರಗಳಿಂದ ಅದು ಎ.ಐ.ವಿ. ವಿಧಾನವೆಂದು ಪ್ರಸಿದ್ಧವಾಯಿತು, ೧೯೪೫ರ ನೊಬೆಲ್ ಪಾರಿತೋಷಕವು ಅವರಿಗೆ ದೊರೆತಾಗ ಮೇವಿನ ಈ ಸಂರಕ್ಷಣವಿಧಾನವನ್ನು ಪ್ರಶಸ್ತಿಯ ವಾಕ್ಯದಲ್ಲಿಯೇ ಹೆಸರಿಸಲಾಯಿತು. ರಸಾಯನಶಾಸ್ತ್ರದ ಅತ್ಯುಚ್ಚ ಗೌರವವು ಹಸುವಿನ ಗೋದಲಿಯವರೆಗೆ ನಡೆದುಬಂದುದು ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿ.

ಐರ್ಲೆಂಡಿನಲ್ಲಿ ಹುಲ್ಲೇ ಮುಖ್ಯ ಬೆಳೆ. ಬೇಸಗೆಯಲ್ಲಿ ಅದು ಬೇಕಾದಷ್ಟು ಬೆಳೆಯುತ್ತದೆ, ಚಳಿಗಾಲದಲ್ಲಿ ನಿಂತುಹೋಗುತ್ತದೆ. ಬೇಸಗೆಯ ಹೆಚ್ಚಳವನ್ನು ಒಣಹುಲ್ಲಾಗಿ ಮಾಡಿಡಬೇಕೆಂದರೆ ಹಲವು ದಿನಗಳ ಎಡೆಬಿಡದ ಬಿಸಿಲು ಬೇಕು; ಆ ನಾಡಿನಲ್ಲಿ ಅದೇ ದುರ್ಲಭ. ೧೯೮೫ರ ಬೇಸಗೆಯಲ್ಲಿ ಮಳೆ ಬಿಡಲೇ ಇಲ್ಲ. ೧೯೮೬ರ ಆಗಸ್ಟಿನಲ್ಲಿ ಚಾರ್ಲಿ ಎಂಬ ಚಂಡಮಾರುತದ ಶೇಷವು ಬಂದು ದಾಖಲೆಯ ಮಳೆ ಸುರಿಸಿತು. ಇಂತಹ ವರ್ಷಗಳಲ್ಲಿ ಕೊಯ್ದ ಹುಲ್ಲು ಹೊಲದಲ್ಲಿಯೇ ಕಪ್ಪಾಗುತ್ತಿದ್ದಿತು. ದೊಡ್ಡ ಒಕ್ಕಲುಗಳು ಕಾಂಕ್ರೀಟಿನ ಗುಂಡಿಗಳಲ್ಲಿ ರಸಮೇವನ್ನು ಮಾಡಿಕೊಳ್ಳಬಲ್ಲವಾಗಿದ್ದುವು. ಗುಂಡಿಗೆ ಬಂಡವಾಳ ಬೇಕು; ಅದರಿಂದ ಸೋರುವ ರಸಕ್ಕೆ ತೊಟ್ಟಿ ಬೇಕು. ಈ ಸೋರುರಸವು ಮನೆಗಳ ಚರಂಡಿನೀರಿಗಿಂತ ನೂರಾರು ಪಟ್ಟು ಹೆಚ್ಚು ಆಮ್ಲಜನಕವನ್ನು ಹೀರುವಂಥದು. ತೊರೆಗೆ ಸೇರಿದರೆ ಮೀನುಗಳು ಸಾಯುತ್ತವೆ. ಹತ್ತಿಪ್ಪತ್ತು ದನಗಳನ್ನು ಸಾಕುವ ಚಿಕ್ಕ ಒಕ್ಕಲಿಗನಿಗೆ, ಹವೆ ತೆರವು ಕೊಟ್ಟ ದಿನ ಒಂದೆರಡು ಹೊಲಗಳ ಹುಲ್ಲನ್ನು ಮಾತ್ರ ಕೊಯ್ದು ಭದ್ರಪಡಿಸಿಕೊಳ್ಳುವ ಉಪಾಯವೊಂದು ಬೇಕಾಗಿದ್ದಿತು.

ಆ ಉಪಾಯವು ಮೂರು ಬೇರೆ ಬೇರೆ ಕಡೆಗಳಿಂದ ಬಂದು ಒಂದಾಯಿತು. ಅಮೆರಿಕದ ಅಯೋವ ಸಂಸ್ಥಾನದ ಪೆಲ್ಲ ಎಂಬ ಊರಿನಲ್ಲಿ ಗ್ಯಾರಿ ವರ್ಮೀರ್ ಎಂಬವರು ೧೯೭೧ರಲ್ಲಿ ದೊಡ್ಡ ದುಂಡುಪೆಂಡಿಯನ್ನು ಕಟ್ಟುವ ಬೇಲರ್ ಯಂತ್ರವನ್ನು ಹೊರತಂದರು; ಹಲವರು ಮಾಡುತ್ತಿದ್ದ ಕೆಲಸವನ್ನು ಅದರಿಂದ ಒಬ್ಬನೇ ಮಾಡಬಹುದಾಯಿತು. ಎರಡನೆಯದು ಪಾಲಿಥೀನ್. ೧೯೩೩ರಲ್ಲಿ ಇಂಗ್ಲೆಂಡಿನ ಚೆಷೈರ್ ಪ್ರಾಂತದ ವಿನಿಂಗ್ಟನ್‌ನಲ್ಲಿ ಆಕಸ್ಮಿಕವಾಗಿ ಕಂಡುಬಂದ ಈ ವಸ್ತುವಿನ ಒಂದು ಹೊಸ ಪ್ರಭೇದ, ರೇಖೀಯ ಅಲ್ಪಸಾಂದ್ರ ಪಾಲಿಥೀನ್, ೧೯೭೦ರ ದಶಕದ ಕೊನೆಗೆ ಅಗ್ಗವಾಗಿ ದೊರೆಯಲಾರಂಭಿಸಿತು. ಹರಿಯದೆ ಬಹುವಾಗಿ ಹಿಗ್ಗುವುದು ಅದರ ವಿಶೇಷ. ಮೂರನೆಯದು ಟ್ರ್ಯಾಕ್ಟರಿನ ಹಿಂಬದಿಯ ಮೂರು ಬಿಂದುಗಳ ಜೋಡಣೆ. ಐರ್ಲೆಂಡಿನ ಡೌನ್ ಪ್ರಾಂತದಲ್ಲಿ ೧೮೮೪ರಲ್ಲಿ ಹುಟ್ಟಿದ ಹ್ಯಾರಿ ಫರ್ಗುಸನ್ ರೂಪಿಸಿದ ಈ ಜೋಡಣೆಯಿಂದ, ಎಣ್ಣೆಯ ಒತ್ತಡದ ಬಲದಿಂದ ಮೇಲೇರುವ ತೋಳುಗಳ ಮೇಲೆ ಯಾವ ಉಪಕರಣವನ್ನಾದರೂ ಹೊರಿಸಬಹುದಾಯಿತು. ೧೯೬೦ರಲ್ಲಿ ಮದರಾಸಿನಲ್ಲಿ ಆರಂಭವಾದ ಕಾರ್ಖಾನೆಯಿಂದ ಹೊರಬಂದ ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರುಗಳ ಮೂಲಕ ನಮ್ಮ ರೈತರಿಗೂ ಆತನ ಹೆಸರು ಪರಿಚಿತವಾಗಿದೆ.

ಮೊದಮೊದಲು ಒಂದೊಂದು ಪೆಂಡಿಯನ್ನೂ ಒಂದೊಂದು ಪಾಲಿಥೀನ್ ಚೀಲದಲ್ಲಿ ತುರುಕಿ ಬಾಯಿ ಕಟ್ಟುತ್ತಿದ್ದರು. ಚೀಲಕ್ಕೂ ಪೆಂಡಿಗೂ ನಡುವೆ ಗಾಳಿ ಉಳಿಯುತ್ತಿದ್ದಿತು. ಕಟ್ಟಿದ ಬಾಯಿ ಸಡಿಲುತ್ತಿದ್ದಿತು. ಬಿರುಗಾಳಿಯಲ್ಲಿ ಚೀಲವು ಪಟಪಟನೆ ಬಡಿದು ಹರಿಯುತ್ತಿದ್ದಿತು. ೧೯೮೦ರ ದಶಕದಲ್ಲಿ ನಾರ್ವೆ ಮೊದಲಾದ ಉತ್ತರದ ದೇಶಗಳಲ್ಲಿ, ಹಿಗ್ಗುವ ಹಾಳೆಯನ್ನು ಪೆಂಡಿಯ ಮೈಗಂಟಿಕೊಳ್ಳುವಂತೆ ಬಿಗಿಯಾಗಿ ಸುತ್ತುವ ಯಂತ್ರಗಳು ಬಂದುವು. ಐರ್ಲೆಂಡಿನ ಒಕ್ಕಲಿಗರು ಅದನ್ನು ಬಹುಬೇಗ ಅಂಗೀಕರಿಸಿದರು. ಮೇಯೊ ಪ್ರಾಂತದ ಬ್ಯಾಲಿನ್‌ರೋಬ್ ಎಂಬ ಸಣ್ಣ ಪಟ್ಟಣವು ಇಂದು ಇಂತಹ ಯಂತ್ರಗಳ ತಯಾರಿಕೆಗೆ ಹೆಸರಾಗಿದೆ.

ಯಂತ್ರದ ರಚನೆಗೆ ಹೋಗುವ ಮುನ್ನ ಒಂದು ಸಣ್ಣ ಗಣಿತವನ್ನು ವಾಚಕರ ಮುಂದಿಡಬೇಕಾಗಿದೆ. ಈ ಗಣಿತವನ್ನು ಬಿಟ್ಟರೆ ಯಂತ್ರದ ಪ್ರತಿಯೊಂದು ಭಾಗವೂ ಅನಾವಶ್ಯಕ ಆಡಂಬರವಾಗಿ ತೋರಬಹುದು. ಸಾಮಾನ್ಯ ಪೆಂಡಿಯ ವ್ಯಾಸ ೧.೨ ಮೀಟರ್, ಉದ್ದವೂ ೧.೨ ಮೀಟರ್, ತೂಕ ಸುಮಾರು ೬೦೦ ಕಿಲೋ ಎಂದಿಟ್ಟುಕೊಳ್ಳೋಣ. ಇದರ ಘನ ಅಳತೆ ಸುಮಾರು ೧.೩೬ ಘನ ಮೀಟರ್, ಮೇಲ್ಮೈ ೬.೮ ಚದರ ಮೀಟರ್. ಎಂದರೆ ಒಂದು ಘನ ಮೀಟರ್ ಮೇವಿಗೆ ಐದು ಚದರ ಮೀಟರ್ ಮೇಲ್ಮೈ. ೩೦ ಮೀಟರ್ ಉದ್ದ, ೧೦ ಮೀಟರ್ ಅಗಲ, ೩ ಮೀಟರ್ ಎತ್ತರ ತುಂಬಿದ ಗುಂಡಿಯಲ್ಲಾದರೋ ಹಾಳೆ ಹೊದಿಸಬೇಕಾದುದು ಮೇಲ್ಗಡೆಗೆ ಮಾತ್ರ; ಒಂದು ಘನ ಮೀಟರ್ ಮೇವಿಗೆ ಮೂರನೆಯ ಒಂದು ಚದರ ಮೀಟರಿನಷ್ಟು. ಪೆಂಡಿಯಲ್ಲಿ ಹಾಳೆಯನ್ನು ಅವಲಂಬಿಸಿದ ಮೈ ಅದಕ್ಕಿಂತ ಹದಿನೈದು ಪಟ್ಟು ಹೆಚ್ಚು. ಇನ್ನೊಂದು ಬಗೆಯಿಂದ ನೋಡೋಣ. ಪೆಂಡಿಯ ಹೊರಮೈಯಿಂದ ಹತ್ತು ಸೆಂಟಿಮೀಟರ್ ಒಳಕ್ಕೆ, ಎಂದರೆ ಹೆಚ್ಚುಕಡಮೆ ಒಂದು ಅಂಗೈಯ ಅಗಲದಷ್ಟು ಒಳಕ್ಕೆ, ಒಂದು ಗೆರೆ ಎಳೆದರೆ ಗೆರೆಯಿಂದ ಹೊರಗೆ ಉಳಿಯುವ ಮೇವು ಒಟ್ಟಿನ ನೂರಕ್ಕೆ ೪೨ ಪಾಲು! ಹೊರಗಿನ ಈ ತೆಳುಪಟ್ಟಿ ಬೂಷ್ಟು ಹಿಡಿದರೆ ಒಕ್ಕಲಿಗನು ಕಳೆದುಕೊಳ್ಳುವುದು ಹೊರಸಿಪ್ಪೆಯನ್ನಲ್ಲ, ಅರ್ಧಕ್ಕೆ ಸಮೀಪವಾದ ಮೇವನ್ನು.

ಮತ್ತೊಂದು ತೊಡಕೂ ಇದೆ. ಪೆಂಡಿ ಕಟ್ಟುವ ಹುಲ್ಲನ್ನು ಒಂದೆರಡು ದಿನ ಹೊಲದಲ್ಲಿ ಬಾಡಿಸಿ ಅದರ ಶುಷ್ಕಾಂಶವನ್ನು ನೂರಕ್ಕೆ ೩೦–೪೦ರಷ್ಟಕ್ಕೆ, ಕೆಲವೊಮ್ಮೆ ಇನ್ನೂ ಹೆಚ್ಚಿಗೆ, ಏರಿಸುತ್ತಾರೆ. ಇದರಿಂದ ಸೋರುರಸ ನಿಲ್ಲುತ್ತದೆ. ಕ್ಲಾಸ್ಟ್ರಿಡಿಯಂ ಕಾಟವೂ ತಗ್ಗುತ್ತದೆ. ಆದರೆ ನೀರು ಕಡಮೆಯಾದಾಗ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳ ಕೆಲಸವೂ ಮಂದವಾಗಿ, ಪಿ.ಎಚ್. ೪.೫ರಿಂದ ೫ರಷ್ಟರಲ್ಲಿಯೇ ನಿಂತುಬಿಡುವುದುಂಟು. ಗುಂಡಿಯ ಮೇವಿಗೆ ಹುಳಿಯೆಂಬ ಎರಡನೆಯ ಕಾವಲುಗಾರನಿರುತ್ತಾನೆ. ಬಾಡಿಸಿದ ಪೆಂಡಿಗೆ ಆ ಕಾವಲು ದುರ್ಬಲ. ಗಾಳಿಯನ್ನು ತಡೆಯುವ ಹಾಳೆಯೊಂದೇ ಗತಿ. ಸುತ್ತುಯಂತ್ರವನ್ನು ಕೇವಲ ಪೊಟ್ಟಣ ಕಟ್ಟುವ ಸಾಧನವೆಂದು ತಿಳಿಯುವುದು ತಪ್ಪೆಂದು ಪ್ರಕೃತ ಲೇಖಕನು ಭಾವಿಸುವುದು ಈ ಕಾರಣದಿಂದಲೇ. ರಸಮೇವು ಆಗುವುದೋ ಗೊಬ್ಬರವಾಗುವುದೋ ಎಂಬ ತೀರ್ಮಾನ ಈ ಯಂತ್ರದ ಮೇಲೆ ನಿಮಿಷಾರ್ಧದಲ್ಲಿ ಆಗಿಹೋಗುತ್ತದೆ.

ಇನ್ನು ಯಂತ್ರ. ಟ್ರ್ಯಾಕ್ಟರಿನ ಮೂರು ಬಿಂದುಗಳ ಜೋಡಣೆಗೆ ಸಿಕ್ಕಿಸುವ ಸರಳ ಮಾದರಿಯನ್ನೇ ವಿವರಿಸುತ್ತೇನೆ. ಒಂದು ಉಕ್ಕಿನ ಚೌಕಟ್ಟಿನ ಮೇಲೆ ನೆಲಕ್ಕೆ ಸಮಾನಾಂತರವಾಗಿ ತಿರುಗುವ ಪೀಠವೊಂದುಂಟು. ಪೀಠದ ಮೇಲೆ ಎರಡು ಉರುಳೆಗಳು. ಅವುಗಳಿಗೆ ಹೊಂದಿಸಿದ ಪಟ್ಟಿಗಳ ಮೇಲೆ ಪೆಂಡಿಯನ್ನು ಅಡ್ಡಲಾಗಿ ಮಲಗಿಸುತ್ತಾರೆ. ಟ್ರ್ಯಾಕ್ಟರಿನ ಎಣ್ಣೆಯ ಒತ್ತಡದಿಂದ ನಡೆಯುವ ಮೋಟಾರು ಪೀಠವನ್ನು ನಿಮಿಷಕ್ಕೆ ಸುಮಾರು ೨೫–೩೦ ಸುತ್ತು ತಿರುಗಿಸುತ್ತದೆ. ಅದೇ ವೇಳೆಯಲ್ಲಿ ಹಲ್ಲುಚಕ್ರಗಳ ಮೂಲಕ ಉರುಳೆಗಳೂ ತಿರುಗಿ, ಪೆಂಡಿಯು ತನ್ನ ಅಕ್ಷದ ಸುತ್ತ ನಿಧಾನವಾಗಿ ಹೊರಳುತ್ತದೆ. ಪೀಠದ ಪಕ್ಕದಲ್ಲಿ ಅಲುಗಾಡದೆ ನಿಂತ ಕಂಬದಲ್ಲಿ ಹಾಳೆಯ ಸುರುಳಿ ಇರುತ್ತದೆ. ಪೀಠದ ಒಂದೊಂದು ಸುತ್ತಿಗೂ ಒಂದು ಪಟ್ಟಿ ಹಾಳೆ ಪೆಂಡಿಯನ್ನು ಬಳಸುತ್ತದೆ. ಅಷ್ಟರಲ್ಲಿ ಪೆಂಡಿ ಸ್ವಲ್ಪ ಹೊರಳಿರುವುದರಿಂದ ಮುಂದಿನ ಪಟ್ಟಿ ಸ್ವಲ್ಪ ಸರಿದು ಬೀಳುತ್ತದೆ. ಒಂದಕ್ಕೊಂದು ಲಂಬವಾದ ಎರಡು ಅಕ್ಷಗಳ ಮೇಲಣ ಈ ಭ್ರಮಣವು ತರಗತಿಯ ಕರಿಹಲಗೆಯ ಮೇಲೆ ಕಠಿಣವಾಗಿ ಕಂಡರೂ, ಕೈಯಲ್ಲಿ ನೂಲಿನ ಉಂಡೆ ಸುತ್ತಿದ ಯಾರಿಗೂ ಹೊಸದಲ್ಲ. ಒಂದು ಕೈ ನೂಲನ್ನು ಸುತ್ತುತ್ತಿರಲು ಇನ್ನೊಂದು ಕೈಯ ಬೆರಳುಗಳು ಉಂಡೆಯನ್ನು ಮೆಲ್ಲನೆ ಹೊರಳಿಸುತ್ತಿರುತ್ತವೆ. ಬೇರೆ ಕೆಲವು ಮಾದರಿಗಳಲ್ಲಿ ಪೆಂಡಿ ಸ್ಥಳದಲ್ಲಿಯೇ ಹೊರಳುತ್ತಿದ್ದು, ಸುರುಳಿಯನ್ನು ಹೊತ್ತ ತೋಳೇ ಅದರ ಸುತ್ತ ಪ್ರದಕ್ಷಿಣೆ ಹಾಕುತ್ತದೆ. ತತ್ತ್ವ ಒಂದೇ.

ಸುರುಳಿಯಿಂದ ಬಿಚ್ಚಿಕೊಂಡ ಹಾಳೆಯು ನೇರವಾಗಿ ಪೆಂಡಿಗೆ ಹೋಗುವುದಿಲ್ಲ. ನಡುವೆ ಎರಡು ಉರುಳೆಗಳನ್ನು ಬಳಸಿ ಹೋಗಬೇಕು. ಎರಡನೆಯದರ ಮೇಲ್ಮೈಯ ವೇಗ ಮೊದಲನೆಯದರ ೧.೭ ಪಟ್ಟು ಇರುವಂತೆ ಹಲ್ಲುಚಕ್ರಗಳನ್ನು ಹೊಂದಿಸಿರುತ್ತಾರೆ. ಹೀಗಾಗಿ ಒಂದು ಮೀಟರ್ ಹಾಳೆ ೧.೭ ಮೀಟರಾಗಿ ಹಿಗ್ಗಿ ಹೊರಬರುತ್ತದೆ. ಎಂದರೆ ನೂರಕ್ಕೆ ೭೦ರಷ್ಟು ಹಿಗ್ಗು. ಹೀಗೆ ಹಿಗ್ಗಿಸುವುದು ಕೇವಲ ಹಾಳೆಯ ಉಳಿತಾಯಕ್ಕಾಗಿ ಎಂದು ಹಲವರು ತಿಳಿದಿದ್ದಾರೆ. ಉಳಿತಾಯವೂ ಉಂಟು, ಮುಖ್ಯ ಪ್ರಯೋಜನ ಅದಲ್ಲ. ಹಿಗ್ಗಿದ ಹಾಳೆ ಮತ್ತೆ ಕುಗ್ಗಲು ಯತ್ನಿಸುತ್ತ ಪೆಂಡಿಯನ್ನು ಅಪ್ಪಿ ಹಿಡಿಯುತ್ತದೆ. ಒಂದು ಪದರವು ಇನ್ನೊಂದನ್ನು ಒತ್ತುತ್ತದೆ. ಹಾಳೆಯ ಒಂದು ಮಗ್ಗುಲಿನಲ್ಲಿರುವ ಅಂಟುಗುಣದಿಂದ ಪದರಗಳ ನಡುವೆ ಗಾಳಿ ನುಸುಳುವ ಸಂದು ಮುಚ್ಚುತ್ತದೆ. ಆದುದರಿಂದಲೇ ಅಂಟಿನ ಮಗ್ಗುಲು ಒಳಮುಖವಾಗಿರುವಂತೆ ಸುರುಳಿಯನ್ನು ತೊಡಿಸತಕ್ಕದ್ದು. ಮಳೆ ಬೀಳುತ್ತಿರುವಾಗ ಸುತ್ತಿದರೆ ಪದರಗಳ ನಡುವೆ ನೀರು ಸೇರಿ ಈ ಅಂಟು ಕೆಲಸಮಾಡುವುದಿಲ್ಲ. ಉರುಳೆಗಳಿಗೆ ಮಣ್ಣೋ ಮೇಣದಂತಹ ಜಿಡ್ಡೋ ಹತ್ತಿದಾಗ ಹಾಳೆ ಜಾರಿ, ಹಿಗ್ಗು ಏರುಪೇರಾಗುತ್ತದೆ. ಪ್ರತಿದಿನ ಅವನ್ನು ಒರೆಸಿಡುವುದು ಅತಿ ಸಣ್ಣ ಕೆಲಸ, ಮತ್ತು ಅತಿ ಹೆಚ್ಚಾಗಿ ಮರೆತುಹೋಗುವ ಕೆಲಸ.

ಪದರಗಳ ಲೆಕ್ಕವನ್ನೂ ನೋಡಬಹುದು. ಹಾಳೆಯ ಅಗಲ ೭೫೦ ಮಿಲಿಮೀಟರ್, ದಪ್ಪ ೨೫ ಮೈಕ್ರಾನ್. ಹಿಗ್ಗಿದಾಗ ಅಗಲ ಕುಗ್ಗಿ ೬೦೦ ಮಿಲಿಮೀಟರ್ ಆಯಿತೆಂದಿಟ್ಟುಕೊಂಡರೆ, ವಸ್ತುವಿನ ಘನ ಅಳತೆ ಬದಲಾಗದು ಎಂಬ ನಿಯಮದಿಂದ ದಪ್ಪ ಸುಮಾರು ೧೮ ಮೈಕ್ರಾನಿಗೆ ಇಳಿಯುತ್ತದೆ. ಪಟ್ಟಿಯ ಮೇಲೆ ಪಟ್ಟಿ ಅರ್ಧದಷ್ಟು ಬೀಳಬೇಕು. ಎಂದರೆ ಒಂದು ಸುತ್ತಿಗೆ ೩೦೦ ಮಿಲಿಮೀಟರ್ ಮುನ್ನಡೆ. ಪೀಠದ ಒಂದು ಸುತ್ತಿನಲ್ಲಿ ಹಾಳೆ ಪೆಂಡಿಯ ಎರಡು ಎದುರು ಮಗ್ಗುಲುಗಳನ್ನೂ ಮುಚ್ಚುವುದರಿಂದ, ಪೆಂಡಿ ಅರ್ಧ ಹೊರಳಿದರೆ ಸಾಕು, ಮೈಯೆಲ್ಲ ಎರಡು ಪದರ ಮುಚ್ಚಿದಂತಾಯಿತು. ಅರ್ಧ ಪರಿಧಿ ೧.೮೮ ಮೀಟರ್, ೩೦೦ ಮಿಲಿಮೀಟರಿನಿಂದ ಭಾಗಿಸಿದರೆ ಆರೂಕಾಲು ಸುತ್ತು ಬರುತ್ತದೆ. ಪೆಂಡಿ ಹೇಳಿದ ಅಳತೆಗಿಂತ ತುಸು ಉಬ್ಬಿರುವುದರಿಂದಲೂ, ಅಂಚು ತಪ್ಪಬಾರದೆಂದೂ ಇದನ್ನು ಎಂಟಕ್ಕೆ ಏರಿಸುವುದು ವಾಡಿಕೆ. ಎಂಟು ಸುತ್ತಿಗೆ ಎರಡು ಪದರ, ಹದಿನಾರಕ್ಕೆ ನಾಲ್ಕು, ಇಪ್ಪತ್ತನಾಲ್ಕಕ್ಕೆ ಆರು. ಆರು ಪದರಗಳೂ ಸೇರಿ ೧೧೦ ಮೈಕ್ರಾನಿನಷ್ಟು ದಪ್ಪವಾಯಿತು. ಗುಂಡಿಗೆ ಹೊದಿಸುವ ಹಾಳೆಯಾದರೋ ಒಂದೊಂದೂ ೧೨೫ ಮೈಕ್ರಾನ್. ಅದನ್ನು ಎರಡು ಹಾಸಿ ಮೇಲೆ ಹಳೆಯ ಟೈರುಗಳ ಭಾರವನ್ನು ಹೇರುತ್ತಾರೆ.

ನಾಲ್ಕು ಪದರ ಸಾಕೋ ಆರು ಬೇಕೋ ಎಂಬ ವಾದ ಐರ್ಲೆಂಡಿನ ಹಳ್ಳಿಗಳಲ್ಲಿ ಬಹುಕಾಲ ನಡೆಯಿತು. ಮೀತ್ ಪ್ರಾಂತದ ಗ್ರೇಂಜ್ ಸಂಶೋಧನಕೇಂದ್ರದ ಪ್ರಯೋಗಗಳಲ್ಲಿ ಎರಡೇ ಪದರದ ಪೆಂಡಿಗಳು ಬೂಷ್ಟಿಗೆ ಧಾರಾಳವಾಗಿ ತುತ್ತಾದುವು. ನಾಲ್ಕು ಪದರದಿಂದ ಬಹಳ ಸುಧಾರಣೆಯಾಯಿತು. ಆರಕ್ಕೆ ಏರಿಸಿದಾಗ ಇನ್ನಷ್ಟು. ಖರ್ಚೆಷ್ಟು? ಇಪ್ಪತ್ತನಾಲ್ಕು ಸುತ್ತು, ಸುತ್ತಿಗೆ ೪.೮ ಮೀಟರ್, ಒಟ್ಟು ೧೧೫ ಮೀಟರ್ ಹಿಗ್ಗಿದ ಹಾಳೆ. ಹಿಗ್ಗುವ ಮುನ್ನ ಅದು ೬೮ ಮೀಟರ್. ತೂಕ ಸುಮಾರು ಒಂದೂಕಾಲು ಕಿಲೋದೊಳಗೆ. ೧೫೦೦ ಮೀಟರಿನ ಸುರುಳಿಯೊಂದರಿಂದ ಇಪ್ಪತ್ತೆರಡು ಪೆಂಡಿ. ನಾಲ್ಕೇ ಪದರಕ್ಕೆ ನಿಲ್ಲಿಸಿದರೆ ಪೆಂಡಿಯೊಂದಕ್ಕೆ ಉಳಿಯುವ ಪಾಲಿಥೀನ್ ೪೦೦ ಗ್ರಾಂ; ಪಣಕ್ಕೊಡ್ಡುವುದು ೬೦೦ ಕಿಲೋ ಮೇವು. ಇಷ್ಟು ಸ್ಪಷ್ಟವಾದ ಲೆಕ್ಕವಿದ್ದೂ ಜನ ಹಾಳೆಯಲ್ಲಿ ಕೈ ಬಿಗಿಹಿಡಿಯುವುದಕ್ಕೆ ಕಾರಣ ಮನುಷ್ಯಸಹಜವಾದುದು. ಹಾಳೆಯ ಬೆಲೆ ಇಂದೇ ಕೈಬಿಡುವ ಹಣ. ಬೂಷ್ಟಿನ ನಷ್ಟ ಕಣ್ಣಿಗೆ ಬೀಳುವುದು ನಾಲ್ಕಾರು ತಿಂಗಳ ಮೇಲೆ.

ಸುತ್ತುವ ಈ ಕ್ರಮದಿಂದ ಒಂದು ವಿಶೇಷ ಫಲಿಸುತ್ತದೆ. ಪಟ್ಟಿಗಳೆಲ್ಲ ಪೆಂಡಿಯ ಎರಡು ಚಪ್ಪಟೆ ತುದಿಗಳ ನಡುವನ್ನು ಹಾಯ್ದೇ ಹೋಗಬೇಕಾದುದರಿಂದ, ಮೈಯ ಮೇಲೆ ಆರು ಪದರವಿದ್ದಾಗ ತುದಿಯ ಮಧ್ಯಭಾಗದಲ್ಲಿ ಇಪ್ಪತ್ತನಾಲ್ಕು ಪದರಗಳಿರುತ್ತವೆ. ಆದಕಾರಣ ಸುತ್ತಿದ ಪೆಂಡಿಯನ್ನು ಮಲಗಿಸದೆ ಚಪ್ಪಟೆ ತುದಿಯ ಮೇಲೆ ನಿಲ್ಲಿಸಬೇಕು. ನೆಲದ ಕಲ್ಲು ಕಡ್ಡಿಗಳ ಚುಚ್ಚನ್ನೂ ಮೇಲಿನ ಹಕ್ಕಿಗಳ ಕೊಕ್ಕನ್ನೂ ಎದುರಿಸಲು ಅಲ್ಲಿಯೇ ಬಲ ಹೆಚ್ಚು.

ಪೆಂಡಿಯನ್ನು ಸುತ್ತಿದ ಮೇಲೆ ಹಾಳೆಯನ್ನು ಕತ್ತರಿಸಿ ಅದರ ತುದಿಯನ್ನು ಮುಂದಿನ ಪೆಂಡಿಗಾಗಿ ಕಚ್ಚಿ ಹಿಡಿದುಕೊಳ್ಳುವ ಕತ್ತರಿಯೊಂದು ಯಂತ್ರದಲ್ಲುಂಟು. ಬಳಿಕ ಪೀಠವು ಹಿಂದಕ್ಕೆ ಬಾಗಿ ಪೆಂಡಿಯನ್ನು ನೆಲಕ್ಕಿಳಿಸುತ್ತದೆ. ಅತಿ ಹೆಚ್ಚು ಪೆಂಡಿಗಳು ತೂತಾಗುವುದು ಈ ಇಳಿಸುವಾಗ ಮತ್ತು ಅನಂತರದ ಸಾಗಣೆಯಲ್ಲಿ. ಕೊಯ್ದ ಹುಲ್ಲಿನ ಕೂಳೆ ಸೂಜಿಯಂತೆ ಚುಚ್ಚಬಲ್ಲುದು. ಆದುದರಿಂದ ಸುತ್ತದ ಪೆಂಡಿಗಳನ್ನು ಮೊದಲು ಕೂಡಿಡುವ ಸ್ಥಳಕ್ಕೆ ಸಾಗಿಸಿ ಅಲ್ಲಿಯೇ ಸುತ್ತುವುದು ಉತ್ತಮ. ಟ್ರ್ಯಾಕ್ಟರಿಗೆ ಜೋಡಿಸಿ ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ಈ ಚಿಕ್ಕ ಯಂತ್ರವು, ಪೆಂಡಿ ಕಟ್ಟುತ್ತ ಹೊಲದಲ್ಲಿಯೇ ಸುತ್ತಿಬಿಡುವ ದೊಡ್ಡ ಸಂಯುಕ್ತ ಯಂತ್ರಕ್ಕಿಂತ ಮೇಲಾಗುವುದು ಇಲ್ಲಿ. ಆದರೆ ತಡಮಾಡಬಾರದು, ಕಟ್ಟಿದ ಪೆಂಡಿ ಸುತ್ತದೆ ಬಿದ್ದಿದ್ದಷ್ಟು ಹೊತ್ತೂ ಒಳಗೆ ಕಾವೇರಿ ಸಕ್ಕರೆ ಸುಡುತ್ತಿರುತ್ತದೆ. ಕೆಲವು ಗಂಟೆಗಳಲ್ಲಿ ಸುತ್ತುವುದು ಲೇಸು; ಒಂದು ದಿನ ಮೀರಬಾರದು.

ಭಾರದ ಪ್ರಶ್ನೆಯೂ ಉಂಟು. ಯಂತ್ರದ ತೂಕ, ಪೆಂಡಿಯ ತೂಕ ಎರಡೂ ಟ್ರ್ಯಾಕ್ಟರಿನ ಹಿಂದೆ ಜೋತಾಗ ಮುಂಗಾಲಿಗಳು ಹಗುರವಾಗಿ ಚುಕ್ಕಾಣಿ ಹಿಡಿತ ತಪ್ಪುತ್ತದೆ. ಮುಂಭಾಗದಲ್ಲಿ ಭಾರ ಹೇರುವುದು ಅನಿವಾರ್ಯ. ಇಳಿಜಾರಿನಲ್ಲಿ ಪೆಂಡಿಯನ್ನು ಉರುಳದ ದಿಕ್ಕಿಗೆ ಇಳಿಸಬೇಕು. ೨೦೧೦ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಇಳಿಜಾರಿನ ಹೊಲದಿಂದ ಉರುಳಿದ ಸುಮಾರು ೬೦೦ ಕಿಲೋ ತೂಕದ ಪೆಂಡಿಯೊಂದು ಬೇಲಿಯನ್ನು ದಾಟಿ ರಸ್ತೆಯ ವಾಹನಕ್ಕೆ ಬಡಿದು, ಅದನ್ನು ನಡೆಸುತ್ತಿದ್ದ ಪ್ರಸಿದ್ಧ ಸಂಗೀತಗಾರರೊಬ್ಬರು ಮೃತರಾದರು. ದುಂಡಾದ ಪೆಂಡಿ ನಿಂತಲ್ಲಿ ನಿಲ್ಲುವುದೆಂದು ನಂಬಿ ಅದರ ಕೆಳಬದಿಯಲ್ಲಿ ಯಾರೂ ನಿಲ್ಲಬಾರದು.

ಹಾಳೆಯಲ್ಲಿ ತೂತಾದರೆ ಏನಾಗುತ್ತದೆ? ಐರ್ಲೆಂಡಿನ ಪೆಂಡಿಗಳನ್ನು ಪರೀಕ್ಷಿಸಿದವರು ಅತಿ ಹೆಚ್ಚಾಗಿ ಕಂಡ ಶಿಲೀಂಧ್ರ ಪೆನಿಸಿಲಿಯಂ ರೋಕ್‌ಫೋರ್ಟಿ, ಎಂದರೆ ರೋಕ್‌ಫೋರ್ ಎಂಬ ಹೆಸರಾಂತ ಗಿಣ್ಣಿಗೆ ನೀಲಿ ಗೆರೆಗಳನ್ನು ಕೊಡುವ ಶಿಲೀಂಧ್ರವೇ. ಅತ್ಯಲ್ಪ ಆಮ್ಲಜನಕದಲ್ಲಿಯೂ ಹುಳಿಯಲ್ಲಿಯೂ ಬೆಳೆಯಬಲ್ಲ ಗುಣ ಗಿಣ್ಣಿನಲ್ಲಿ ವರ, ಮೇವಿನಲ್ಲಿ ಶಾಪ. ಇನ್ನೊಂದು ಶೈಜೋಫಿಲಂ ಕಮ್ಯೂನ್; ನಮ್ಮಲ್ಲಿ ಮಳೆಗಾಲದಲ್ಲಿ ಒಣಕೊಂಬೆಗಳ ಮೇಲೆ ಬೀಸಣಿಗೆಗಳಂತೆ ಏಳುವ ಸಣ್ಣ ಅಣಬೆ. ಅದು ಪೆಂಡಿಯೊಳಗೆ ಬೆಳೆದು ಹಾಳೆಯನ್ನೇ ಸೀಳಿ ಹೊರಕ್ಕೆ ತಲೆಹಾಕುತ್ತದೆ. ಇವಕ್ಕಿಂತ ಭಯಂಕರವಾದುದು ಕಣ್ಣಿಗೆ ಕಾಣದ ಲಿಸ್ಟೀರಿಯ ಬ್ಯಾಕ್ಟೀರಿಯ. ಚೆನ್ನಾಗಿ ಹುಳಿಯೇರಿದ ಮೇವಿನಲ್ಲಿ ಇದು ಹೆಚ್ಚಲಾರದು. ಗಾಳಿ ಸೋಂಕಿ ಹುಳಿ ಇಳಿದ ಅಂ‌ಚುಗಳಲ್ಲಿ ಹೆಚ್ಚುತ್ತದೆ. ಕುರಿಗಳಲ್ಲಿ ಮಿದುಳಿನ ರೋಗವನ್ನೂ, ದನಗಳಲ್ಲಿ ಗರ್ಭಪಾತವನ್ನೂ ಕಣ್ಣಿನ ಬೇನೆಯನ್ನೂ ಉಂಟುಮಾಡುತ್ತದೆ.

ತೂತು ಮಾಡುವವರಲ್ಲಿ ಕಾಗೆಗಳ ಜಾತಿಯವೇ ಮುಂಚೂಣಿಯವು. ಅವನ್ನು ಬೆದರಿಸಲು ಅಲ್ಲಿನವರು ಕರಿಯ ಪೆಂಡಿಗಳ ಮೇಲೆ ಬಿಳಿಯ ಬಣ್ಣದಿಂದ ದೊಡ್ಡ ಕಣ್ಣುಗಳನ್ನು ಬರೆಯುವುದುಂಟು. ಮನೆ ಕಟ್ಟುವಾಗ ದೃಷ್ಟಿಬೊಂಬೆ ತೂಗುಹಾಕುವ ನಾವು ಇದಕ್ಕೆ ನಗಬೇಕಾಗಿಲ್ಲ; ಆದರೆ ನಿಜವಾದ ರಕ್ಷಣೆ ಬಲೆಯ ಹೊದಿಕೆಯಿಂದಲೇ ಎಂಬುದನ್ನು ಮರೆಯಲೂಬಾರದು. ತೂತು ಕಂಡ ದಿನವೇ, ಸುತ್ತಲಿನ ಹಾಳೆಯನ್ನು ಒರೆಸಿ ಒಣಗಿಸಿ, ಇದಕ್ಕೆಂದೇ ಮಾಡಿದ ಅಂಟುಪಟ್ಟಿಯನ್ನು ಹಚ್ಚಬೇಕು.

ಈ ಪದ್ಧತಿಯ ದೊಡ್ಡ ಋಣ ಹಾಳೆಯೇ. ಒಮ್ಮೆ ಬಿಚ್ಚಿದರೆ ಅದು ಮತ್ತೆ ಸುತ್ತಲು ಬಾರದು. ನೂರು ಪೆಂಡಿ ಮಾಡಿದ ಒಕ್ಕಲಿಗನ ಅಂಗಳದಲ್ಲಿ ವಸಂತದ ಹೊತ್ತಿಗೆ ನೂರು ಕಿಲೋಗೂ ಮಿಕ್ಕ ಕೊಳಕು ಪಾಲಿಥೀನ್ ಬಿದ್ದಿರುತ್ತದೆ. ಹಿಂದೆ ಅದನ್ನು ಸುಡುತ್ತಿದ್ದರು, ಹೂಳುತ್ತಿದ್ದರು. ಐರ್ಲೆಂಡಿನಲ್ಲಿ ೧೯೯೭ರಲ್ಲಿ ಹಾಳೆ ತಯಾರಕರ ಸಂಘಟನೆಯೊಂದು ಏರ್ಪಟ್ಟು, ಬಳಸಿದ ಹಾಳೆಯನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಕಳುಹಿಸುವ ಕ್ರಮ ಆರಂಭವಾಯಿತು. ಅದರ ವೆಚ್ಚಕ್ಕಾಗಿ ಹಾಳೆಯ ಮಾರಾಟದ ಮೇಲೆಯೇ ಸುಂಕವಿದೆ. ಇಂತಹ ಏರ್ಪಾಡನ್ನು ಯಂತ್ರದ ಜತೆಯಲ್ಲಿಯೇ ತರದೆ ಯಂತ್ರವನ್ನು ಮಾತ್ರ ಆಮದು ಮಾಡಿಕೊಳ್ಳುವುದು ಅರ್ಧ ವಿದ್ಯೆಯನ್ನು ತಂದಂತೆ.

ನಮ್ಮ ನಾಡಿನ ಮಾತಿಗೆ ಬಂದರೆ, ಕರ್ಣಾಟಕದಲ್ಲಿಯೂ ಈಗ ಕತ್ತರಿಸಿದ ಗೋವಿನಜೋಳದ ರಸಮೇವನ್ನು ಸಣ್ಣ ಪೆಂಡಿಗಳಾಗಿ ಒತ್ತಿ, ಹಾಳೆ ಸುತ್ತಿ ಮಾರುವುದು ರೂಢಿಗೆ ಬಂದಿದೆ. ಈ ಪೆಂಡಿಗಳು ಸಣ್ಣವಾಗಿರುವುದಕ್ಕೆ ಸಕಾರಣವಿದೆ. ಮಿಶ್ರತಳಿಯ ಹಸುವೊಂದು ದಿನಕ್ಕೆ ಸುಮಾರು ೨೦ ಕಿಲೋ ರಸಮೇವನ್ನು ತಿಂದರೆ, ಮೂರು ಹಸುಗಳ ಮನೆಯಲ್ಲಿ ೬೦೦ ಕಿಲೋದ ಪೆಂಡಿ ಮುಗಿಯಲು ಹತ್ತು ದಿನ ಬೇಕು. ಐರ್ಲೆಂಡಿನ ಚಳಿಗಾಲದಲ್ಲಿ ಬಿಚ್ಚಿದ ಪೆಂಡಿ ಹಲವು ದಿನ ತಾಳಬಹುದು. ನಮ್ಮ ಬೇಸಗೆಯಲ್ಲಿ ತಾಳದು. ಸಣ್ಣ ಪೆಂಡಿಯಾದರೆ ಒಂದು ದಿನಕ್ಕೆ ಒಂದನ್ನು ಬಿಚ್ಚಿ ಮುಗಿಸಬಹುದು. ಆದರೆ ಮೇಲೆ ಹೇಳಿದ ಗಣಿತವು ಇಲ್ಲಿ ನಮಗೆ ಪ್ರತಿಕೂಲವಾಗುತ್ತದೆ. ಪೆಂಡಿಯ ವ್ಯಾಸವನ್ನೂ ಉದ್ದವನ್ನೂ ಅರ್ಧಕ್ಕೆ ಇಳಿಸಿದರೆ, ಮೇವಿನ ಒಂದೊಂದು ಕಿಲೋಗೆ ಬೇಕಾಗುವ ಮೇಲ್ಮೈ ಇಮ್ಮಡಿಯಾಗುತ್ತದೆ. ಹಾಳೆಯೂ ಅಷ್ಟೇ, ಅಪಾಯವೂ ಅಷ್ಟೇ. ಅಲ್ಲದೆ ಪಾಲಿಥೀನ್ ಸಂಪೂರ್ಣವಾಗಿ ಗಾಳಿತಡೆಯಲ್ಲ. ಅದರ ಮೂಲಕ ಆಮ್ಲಜನಕವು ಬಹು ಮೆಲ್ಲನೆ ಒಳಸೇರುತ್ತಲೇ ಇರುತ್ತದೆ, ತಾಪವೇರಿದಂತೆ ಬೇಗಬೇಗನೆ. ಬಿಸಿಲಿಗಿಟ್ಟ ಕಪ್ಪು ಹಾಳೆ ಕಾಯುವಷ್ಟು ಬಿಳಿಯದು ಕಾಯದಾದುದರಿಂದ ನಮ್ಮ ಸೀಮೆಗೆ ಬಿಳಿಯ ಹಾಳೆ, ಮಾಡಿನ ನೆರಳು, ಮತ್ತು ಇಲಿ ಹೆಗ್ಗಣಗಳು ಸೇರದ ಗಟ್ಟಿ ನೆಲ ಮೂರೂ ಬೇಕು.

ಕೊಳ್ಳುವವರು ಪೆಂಡಿಯನ್ನು ಪರೀಕ್ಷಿಸುವುದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಾಗಿಲ್ಲ. ಹಾಳೆಯ ಮೇಲೆ ಅಂಗೈ ಎಳೆದು ಪದರಗಳು ಒಂದಕ್ಕೊಂದು ಅಂಟಿವೆಯೇ ಎಂದು ನೋಡಬೇಕು. ಬಿಚ್ಚಿದಾಗ ಮೇವು ಹಸುರುಮಿಶ್ರಿತ ಹಳದಿಯ ಬಣ್ಣವಾಗಿ, ಹುಳಿಮೊಸರನ್ನು ನೆನಪಿಗೆ ತರುವ ವಾಸನೆಯದಾಗಿರಬೇಕು. ಬಿಚ್ಚಿಟ್ಟ ಮಾರನೆಯ ದಿನ ಮೇವಿನೊಳಗೆ ಕೈ ತೂರಿಸಿದಾಗ ಬಿಸಿ ತಾಗಿದರೆ ಯೀಸ್ಟುಗಳು ಗಾಳಿಯ ನೆರವಿನಿಂದ ಲ್ಯಾಕ್ಟಿಕ್ ಆಮ್ಲವನ್ನು ತಿನ್ನತೊಡಗಿವೆಯೆಂದು ತಿಳಿಯಬೇಕು. ಉಳಿದುದನ್ನು ಅಂದೇ ತಿನ್ನಿಸಿ ಮುಗಿಸಬೇಕು. ಬೂಷ್ಟು ಕಂಡ ಭಾಗವನ್ನು ಮಾತ್ರ ಗೋದಲಿಗೆ ಹಾಕದೆ, ಅದರ ಸುತ್ತಲಿನ ಒಂದಷ್ಟು ಮೇವನ್ನೂ ಸೇರಿಸಿ ತಿಪ್ಪೆಗೆ ಹಾಕತಕ್ಕದ್ದು.